ಶಿವಗಂಗಾ ಅಳಿಸಿದ ನಂಬರುಗಳು

ನಾನು ಒಂದು ಲ್ಯಾಪ್‌ಟಾಪ್. ದೂರದ ಕಾರ್ಖಾನೆಯಲ್ಲಿ ಸಾಲಾಗಿ ಕೂತ ಹೆಂಗಸರು ನನ್ನನ್ನು ಜೋಡಿಸಿದರು. ಥರ್ಮೊಕೋಲಿನ ನಡುವೆ ಕೂತು ಹುಬ್ಬಳ್ಳಿಗೆ ಬಂದೆ. ಮೊದಲು ಒಂದು ಟೈಲ್ಸ್ ಅಂಗಡಿಯಲ್ಲಿ ಬಿಲ್ಲು ಮಾಡಿಕೊಂಡಿದ್ದೆ. ಒಂದು ದಿನ ಮೈಮೇಲೆ ಚಹಾ ಚೆಲ್ಲಿತು. ರಿಪೇರಿ ಅಂಗಡಿಯಲ್ಲಿ ಹೊಸ ಕೀಬೋರ್ಡ್ ಹಾಕಿಸಿಕೊಂಡು ಮಾರಾಟಕ್ಕೆ ಕೂತಿದ್ದಾಗ ಗದಗಿನ ಮಲ್ಲೇಶಪ್ಪ ಹಡಪದ ಬಂದರು. ಕ್ಷೌರದಂಗಡಿ ನಡೆಸುವವರು. ಎಮ್ಮೆ ಕೊಳ್ಳುವವರ ಹಾಗೆ ನನ್ನನ್ನು ಸುತ್ತಲೂ ನೋಡಿದರು.

"ಮಗಳು ಬಿಸಿಎ ಸೇರ್ಯಾಳ್ರಿ. ಗಟ್ಟಿಮುಟ್ಟ ಇರೂದು ಕೊಡ್ರಿ."

ಆ ಮಗಳೇ ಶಿವಗಂಗಾ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಪಿಯುಸಿಯಲ್ಲಿ ಕಾಮರ್ಸ್. ಕಾಲೇಜಿನ ಇಂಗ್ಲಿಷ್ ಪಾಠ ತಲೆಗೆ ಹತ್ತದೆ, ಮನೆಗೆ ಬಂದು ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ವೆಬ್‌ಸೈಟ್ ಕಟ್ಟುವುದನ್ನು ಕಲಿತಳು. ಖೋ-ಖೋ ತಂಡದಲ್ಲೂ ಇದ್ದಳು. ಮಂಡಿಗೆ ಹಚ್ಚಿದ ಅರಿಶಿನ ನನ್ನ ಅಂಚಿಗೂ ಅಂಟುತ್ತಿತ್ತು. ಪರದೆಯ ಮೇಲೆ ಮೊದಲ ಬಟನ್ ಮೂಡಿದ ದಿನ ಅವ್ವನನ್ನು ಒಲೆಯ ಮುಂದಿನಿಂದ ಎಳೆದು ತಂದಳು.

"ಒತ್ತಿದ್ರ ಏನಾಕೈತಿ?"

"ಈಗ ಏನೂ ಆಗೂದಿಲ್ಲಬೇ."

"ಮತ್ತ್ಯಾಕ ಮಾಡೀದಿ?" ಎಂದು ಅವ್ವ ರೊಟ್ಟಿ ತಿರುವಲು ಓಡಿದಳು.

ಎರಡನೇ ವರ್ಷ ಕಾಲೇಜಿನ ಎನ್‌ಎಸ್‌ಎಸ್ ಘಟಕದವರು ರಕ್ತದಾನ ಶಿಬಿರ ಮಾಡಿದರು. ರಕ್ತ ಸಿಗದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದವರನ್ನು ಅಲ್ಲಿ ಕಂಡ ಶಿವಗಂಗಾ, ರಕ್ತದಾನಿಗಳ ವೆಬ್‌ಸೈಟ್ ಕಟ್ಟಿದಳು. ಹೆಸರು, ರಕ್ತದ ಗುಂಪು, ಫೋನ್ ನಂಬರು ಎಲ್ಲವೂ ಯಾರು ಬೇಕಾದರೂ ನೋಡುವಂತಿತ್ತು. ಗೆಳತಿ ನಸ್ರೀನ್‌ಳದೇ ಮೊದಲ ಹೆಸರು. ಅಂತರ ಕಾಲೇಜು ಸ್ಪರ್ಧೆಗೂ ಅದು ಆಯ್ಕೆಯಾಯಿತು.

ಸ್ಪರ್ಧೆಯ ಹಿಂದಿನ ದಿನ ನಸ್ರೀನ್ ಕಾಲೇಜಿಗೆ ಬರಲಿಲ್ಲ. ಯಾವನೋ ಸೈಟಿನಲ್ಲಿ ಅವಳ ನಂಬರು ನೋಡಿ ಹಗಲೆಲ್ಲ ಫೋನ್ ಮಾಡಿ ಕೆಟ್ಟದಾಗಿ ಮಾತಾಡಿದ್ದ. ಅವಳ ಅಬ್ಬಾ ಫೋನ್ ಕಿತ್ತಿಟ್ಟುಕೊಂಡು, "ಕಾಲೇಜು ಸಾಕು" ಎಂದಿದ್ದರು.

ಸುದ್ದಿ ಕೇಳಿದ ಶಿವಗಂಗಾ ಸೈಟು ತೆಗೆದುಬಿಡುತ್ತೇನೆಂದು ನನ್ನನ್ನು ತೆರೆದಳು. ಎನ್‌ಎಸ್‌ಎಸ್ ಅಧಿಕಾರಿ ಮಳಗಿ ಸರ್ ಸಮಾಧಾನ ಹೇಳಿದರು: "ನಾಳೆ ಒಂದಿನ ಇರ್ಲಿ ಬಿಡವಾ. ಬಹುಮಾನ ಬರ್ತೈತಿ. ಆಮೇಲ ತೆಗೀ."

"ಇವತ್ತ ಮತ್ತೊಬ್ಬಾಕಿಗೆ ಫೋನ್ ಬಂದ್ರ ಯಾರ್ ಜವಾಬ್ದಾರ್ರೀ ಸರ್?"

ಶಿವಗಂಗಾ ಅಲ್ಲೇ ಕೂತು ಇಡೀ ಸೈಟನ್ನೇ ಬಂದ್ ಮಾಡಿದಳು. ನನ್ನನ್ನು ಚೀಲದಲ್ಲಿ ಹಾಕಿಕೊಂಡು ನೇರವಾಗಿ ನಸ್ರೀನ್ ಮನೆಗೆ ಹೋದಳು. ಅಬ್ಬಾನ ಮುಂದೆ ನನ್ನನ್ನು ತೆರೆದು ಖಾಲಿ ಪುಟ ತೋರಿಸಿದಳು.

"ತಪ್ಪು ನಂದ್ರಿ ಚಾಚಾ. ಆಕಿ ಕಾಲೇಜು ಬಿಡಸಬ್ಯಾಡ್ರಿ."

ಚಾಚಾ ಬಗ್ಗಿ ಪರದೆ ನೋಡಿದರು. "ಚಲೋ ಕೆಲಸಾನಽ ಮಾಡೀದಿ ಬೇಟಿ. ಆದ್ರ ಹೆಣ್ಮಕ್ಕಳ ನಂಬರ್ ಗ್ವಾಡಿ ಮ್ಯಾಲ ಬರಿಯೂದಲ್ಲ" ಎಂದರು. ಸೋಮವಾರ ನಸ್ರೀನ್ ಕಾಲೇಜಿಗೆ ಬಂದಳು. ಬಹುಮಾನ ಬೇರೆ ಕಾಲೇಜಿಗೆ ಹೋಯಿತು.

ಆ ಬೇಸಿಗೆಯೆಲ್ಲ ಶಿವಗಂಗಾ ಸೈಟನ್ನು ಮತ್ತೆ ಬುಡದಿಂದ ಕಟ್ಟಿದಳು. ರಕ್ತ ಬೇಕಾದವರು ಕಾಲೇಜಿಗೆ ಕೇಳಬೇಕು. ನಂಬರು ಮಳಗಿ ಸರ್‌ಗೆ ಮಾತ್ರ ಕಾಣುತ್ತದೆ. ಈ ಸಲವೂ ಮೊದಲ ಹೆಸರು ನಸ್ರೀನ್‌ಳದೇ. ಡಿಗ್ರಿ ಮುಗಿಸಿ ಹುಬ್ಬಳ್ಳಿಯ ಸಣ್ಣ ಕಂಪನಿಯೊಂದರ ಸಂದರ್ಶನಕ್ಕೆ ನನ್ನನ್ನೇ ಒಯ್ದಳು. ಸೈಟು ನೋಡಿದವರು ಹುಬ್ಬೇರಿಸಿದರು.

"ದಾನಿಗಳ ನಂಬರ್ ಎಲ್ಲೈತಮ್ಮಾ?"

ಶಿವಗಂಗಾ ನಡೆದದ್ದನ್ನೆಲ್ಲ ಹೇಳಿದಳು. ಕೆಲಸ ಸಿಕ್ಕಿತು. ಈಗ ದಿನಾ ಗದಗಿನಿಂದಲೇ ರೈಲಿನಲ್ಲಿ ಹೋಗಿ ಬರುತ್ತಾಳೆ. ಭಾನುವಾರ ಹುಡುಗಿಯರಿಗೆ ಖೋ-ಖೋ ಕಲಿಸುತ್ತಾಳೆ.

ನನಗೆ ವಯಸ್ಸಾಯಿತು. ಬ್ಯಾಟರಿ ಸತ್ತಿದೆ, ವೈರು ಕಿತ್ತರೆ ಕಣ್ಣು ಮುಚ್ಚುತ್ತೇನೆ. ಶಿವಗಂಗಾ ನನ್ನನ್ನು ಕಾಲೇಜಿಗೇ ಕೊಟ್ಟಿದ್ದಾಳೆ. ಎನ್‌ಎಸ್‌ಎಸ್ ಕೋಣೆಯ ಮೂಲೆಯಲ್ಲಿ ಆ ಸೈಟು ನೋಡಿಕೊಳ್ಳುವುದೊಂದೇ ನನ್ನ ಕೆಲಸ. ಮೊನ್ನೆ ಒಬ್ಬ ಬಾಣಂತಿಗೆ ಓ ನೆಗೆಟಿವ್ ರಕ್ತ ಬೇಕಾಯಿತು. ನಾನು ಏದುಸಿರು ಬಿಡುತ್ತ ತೆರೆದುಕೊಂಡೆ. ಸಿಕ್ಕಿದ್ದು ಒಂದೇ ಹೆಸರು, ನಸ್ರೀನ್. ಮಳಗಿ ಸರ್ ಹಿಂಜರಿಯುತ್ತಲೇ ಫೋನ್ ಮಾಡಿದರು. ಎತ್ತಿದ್ದು ಅವಳ ಅಬ್ಬಾ. ಸರ್ ವಿಷಯ ಹೇಳಿದರು.

"ಯಾವ ದವಾಖಾನಿ ಹೇಳ್ರಿ ಸರ್" ಎಂದಿತು ಆ ಕಡೆಯ ದನಿ. "ಗಾಡಿ ತೆಗೀತೀನಿ. ನಾನಽ ಆಕಿನ್ನ ಕರಕೊಂಡ ಬರ್ತೀನಿ."

ಇನ್ನಷ್ಟು ದಿನ ಈ ಮೂಲೆಯಲ್ಲಿ ಉಸಿರು ಹಿಡಿದುಕೊಂಡಿರಬಹುದು ಎಂದು ನನಗೆ ಅನ್ನಿಸಿತು.