ಮೂರನೆಯ ಫೋಟೋ

ಮೂವರು ಅಕ್ಕತಂಗಿಯರು ಸೇರಿ ನಡೆಸುತ್ತಿದ್ದ ಹೊಲಿಗೆ ಅಂಗಡಿಗೆ ವೆಬ್ ಪುಟ ಮಾಡಿಕೊಟ್ಟವಳು ಹಿರಿಯಕ್ಕನ ಮಗಳು. ಮೂವರ ಫೋಟೋಗಳನ್ನೂ ಎಡಕ್ಕೆ ಫ್ಲೋಟ್ ಮಾಡಿದ್ದಳು. ಹಾಗೆ ಮಾಡಿದರೆ ಒಂದರ ಪಕ್ಕ ಒಂದು ಒತ್ತಿಕೊಂಡು ನಿಲ್ಲುತ್ತವೆ. ಜಾಗ ಸಾಲದಿದ್ದರೆ ಕೊನೆಯದು ಕೆಳಗಿನ ಸಾಲಿಗೆ ಜಾರುತ್ತದೆ.

ಎಲ್ಲ ಮುಗಿದ ಮೇಲೆ ಅಮ್ಮ, “ಬೋಳುಬೋಳಾಗಿ ಕಾಣ್ತಿದೆ ಕಣೇ, ಸುತ್ತ ಒಂದು ಅಂಚು ಹಾಕು,” ಅಂದಳು. ಹಾಕಿದಳು. ತನ್ನ ದೊಡ್ಡ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು. ಸಣ್ಣದರಲ್ಲಿ ನೋಡುವ ಗೋಜಿಗೆ ಹೋಗಲಿಲ್ಲ.

ಕೊನೆಯ ಚಿಕ್ಕಮ್ಮ ತಲೆ ನರೆತರೂ ಅಕ್ಕಂದಿರ ಬಾಯಲ್ಲಿ ಇನ್ನೂ ಪುಟ್ಟಿಯೇ. ಅವಳು ಆ ಪುಟವನ್ನು ಕಂಡದ್ದು ಗಿರಾಕಿಯೊಬ್ಬಳ ಲ್ಯಾಪ್‌ಟಾಪಿನಲ್ಲಿ. ಅಕ್ಕಂದಿರಿಬ್ಬರೂ ಮೇಲೆ ಜೋಡಿಯಾಗಿ ನಗುತ್ತಿದ್ದರು. ತಾನು ಮಾತ್ರ ಕೆಳಗೆ, ಒಬ್ಬಳೇ. “ನೀವು ಅಲ್ಲಿ ಕೆಲಸಕ್ಕಿರೋದಾ?” ಎಂದು ಗಿರಾಕಿ ಕೇಳಿಯೂಬಿಟ್ಟಳು.

ಚಿಕ್ಕಮ್ಮ ಸೀದಾ ಅಂಗಡಿಗೆ ಬಂದಳು. “ನನ್ನ ಯಾಕೆ ಕೆಳಗೆ ತಳ್ಳಿದೀರ?”

ಅಲ್ಲೇ ಇದ್ದ ಹಿರಿಯಕ್ಕನ ಮಗಳಿಗೆ ಕಾರಣ ಥಟ್ಟನೆ ಹೊಳೆಯಿತು. ಅಂಚು ಹಾಕಿದ್ದರಿಂದ ಪ್ರತಿ ಫೋಟೋದ ಅಗಲ ಕೂದಲೆಳೆಯಷ್ಟು ಹೆಚ್ಚಿ, ಸಣ್ಣ ಪರದೆಯಲ್ಲಿ ಮೂರನೆಯದಕ್ಕೆ ಜಾಗ ಸಾಲದೆ ಹೋಗಿತ್ತು. ಆದರೆ ತನ್ನ ತಪ್ಪು ಎಲ್ಲರೆದುರು ಬಯಲಾಗುವುದು ಅವಳಿಗೆ ಬೇಡವಾಗಿತ್ತು. “ಅಷ್ಟಕ್ಕೆಲ್ಲ ಮುಖ ಊದಿಸ್ಕೋಬೇಡ ಚಿಕ್ಕಮ್ಮ. ಯಾರೋ ಒಬ್ರು ಕೆಳಗಿರಲೇಬೇಕಲ್ಲ,” ಎಂದು ನಕ್ಕಳು. ಬಟ್ಟೆ ಕತ್ತರಿಸುತ್ತಿದ್ದ ಅಕ್ಕಂದಿರೂ ನಕ್ಕರು.

“ಮೊದಲಿಂದಲೂ ಆ ಒಬ್ರು ನಾನೇ,” ಅಂದಳು ಚಿಕ್ಕಮ್ಮ. ಮೆಷಿನ್ನಿನ ಡ್ರಾಯರಿನಿಂದ ತನ್ನ ಕತ್ತರಿ ತೆಗೆದುಕೊಂಡು ಹೊರಟೇಹೋದಳು.

ಅಂದೇ ಮಗಳು, ಅಂಚನ್ನೂ ಅಗಲದೊಳಗೇ ಲೆಕ್ಕ ಹಿಡಿಯುವ ಸಾಲೊಂದನ್ನು ಪುಟದ ಕೋಡಿಗೆ ಸೇರಿಸಿದಳು. ಫೋಟೋ ಮೇಲೆ ಬಂತು. ಫೋನ್ ಮಾಡಿ, ತಪ್ಪು ತನ್ನದೇ ಎಂದು ಬಿಡಿಸಿ ಹೇಳಿದಳು.

“ನೀನು ಬೇಕಂತ ಮಾಡಿಲ್ಲ, ಗೊತ್ತಾಯ್ತು ಬಿಡೇ,” ಅಂದಳು ಚಿಕ್ಕಮ್ಮ. “ಆದ್ರೆ ನಿನ್ನ ಮಾತಿಗೆ ಅಕ್ಕಂದಿರು ನಕ್ಕರಲ್ಲ, ಅದನ್ನ ಸರಿಮಾಡೋಕೆ ನಿನ್ನ ಕೈಲಾಗಲ್ಲ. ನನ್ನ ಫೋಟೋ ತೆಗೆದುಬಿಡು.”

ಮಗಳು ಮನಸ್ಸು ಬಾರದೆ ಹಾಗೇ ಬಿಟ್ಟಿದ್ದಳು. ಮೊದಲೇ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಎಂಬ ಕೊರಗು ಹೋಗಲೇ ಇಲ್ಲ. ಚಿಕ್ಕಮ್ಮ ಮನೆಯಲ್ಲೇ ಮೆಷಿನ್ ಹಾಕಿಕೊಂಡಳು. ಅಕ್ಕನ ಮನೆಗೆ ಬಂದರೂ ಅಂಗಡಿಯ ಸುದ್ದಿ ಎತ್ತುತ್ತಿರಲಿಲ್ಲ. ಪುಟದಲ್ಲಿ ಫೋಟೋ ನೋಡಿದ ಗಿರಾಕಿಗಳು ಮಾತ್ರ ಅವಳನ್ನೇ ಕೇಳಿಕೊಂಡು ಅಂಗಡಿಗೆ ಬರುತ್ತಿದ್ದರು. ಕೊನೆಗೆ ಅಮ್ಮನೇ, “ತೆಗಿ ಅತ್ಲಾಗೆ. ಎಷ್ಟು ಜನಕ್ಕೆ ಅಂತ ಉತ್ತರ ಹೇಳೋದು?” ಅಂದಳು.

ಮಗಳು ತೆಗೆದಳು. ಕೆಳಗಿದ್ದ ವಿಳಾಸದ ಸಾಲುಗಳು ತಾವಾಗಿಯೇ ಮೇಲೇರಿ ಆ ಜಾಗದಲ್ಲಿ ಕೂತವು.

“ಖಾಲಿ ಅನಿಸ್ತಾನೇ ಇಲ್ಲ ನೋಡು,” ಅಂದಳು ಅಮ್ಮ. ಹಾಗಂದವಳು ಕನ್ನಡಕ ತೆಗೆದು ಒರೆಸುತ್ತ ಒಳಗೆ ಹೋದಳು.