ಗುರಾಣಿ ಮತ್ತು ಕೇಸರಿಬಾತ್

ನಾನು ಒಂದು ಆಟದ ನಿಯಮಗಳ ಪುಸ್ತಕ. ಹುಟ್ಟಿದ್ದು ಮೈಸೂರಿನ ಸರಸ್ವತಿಪುರಂನ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಬೆನ್ನಿಗೆ ಸ್ಪೈರಲ್ ತಂತಿ ಚುಚ್ಚಿದ ನೋವನ್ನು ಬೇಗ ಮರೆತೆ. ಪುಟಸಂಖ್ಯೆ ಹಾಕದೇ ಬಿಟ್ಟ ಅವಮಾನವನ್ನು ಮಾತ್ರ ಇನ್ನೂ ಮರೆತಿಲ್ಲ.

ನನ್ನನ್ನು ಬರೆದವರು ಫಣೀಶ ಮೇಷ್ಟ್ರು, ಕಾಲೇಜಿನಲ್ಲಿ ಇತಿಹಾಸ ಹೇಳುವವರು. ಭಾನುವಾರ ಬೆಳಿಗ್ಗೆ ಅವರ ಊಟದ ಮೇಜಿನ ಸುತ್ತ ನಾಲ್ಕು ಜನ ಸೇರಿ ಒಬ್ಬೊಬ್ಬರೂ ಒಬ್ಬ ಯೋಧರ ಪಾತ್ರ ಆಡುತ್ತಿದ್ದರು. ಮೇಷ್ಟ್ರು ಕಥೆ ಹೇಳುವರು, ದಾಳ ಉರುಳುವುದು, ಜಗಳ ಬಂದರೆ ನನ್ನನ್ನು ತೆರೆಯುವರು. 'ಪುಸ್ತಕದಲ್ಲಿ ಇಲ್ಲದ ನಿಯಮ ಆಟದಲ್ಲೂ ಇಲ್ಲ' ಎಂಬುದೇ ನನ್ನ ಮೊದಲ ಸಾಲು. ಅದನ್ನು ಓದಿದಾಗಲೆಲ್ಲ ನನಗೆ ಸ್ವಲ್ಪ ಜಂಬ ಬರುತ್ತಿತ್ತು.

ಒಂದು ದಿನ ಮೇಷ್ಟ್ರು ಕೇಸರಿಬಾತ್ ತಿಂದ ಕೈಯಲ್ಲೇ ನನ್ನನ್ನು ಮುಚ್ಚಿದರು. ಎರಡು ಪುಟಗಳು ಅಂಟಿಕೊಂಡವು. ಯಾರೂ ಗಮನಿಸಲಿಲ್ಲ.

ಮುಂದಿನ ವಾರವೇ ಗ್ರಹಚಾರ ವಕ್ಕರಿಸಿತು. ಹಲ್ಲಿನ ಡಾಕ್ಟರ್ ಸುಗುಣಾ ಮೂರು ವರ್ಷದಿಂದ ಆಡಿಸಿಕೊಂಡು ಬಂದ ಬಿಲ್ಲುಗಾತಿ ಕಾಳಿಂದಿಯ ಮೇಲೆ ಮೇಷ್ಟ್ರ ಕಥೆಯ ರಾಕ್ಷಸ ಈಟಿ ಎಸೆದ. ಅದೇ ಸರದಿಯಲ್ಲಿ ಅವಳು ಬಾಣವನ್ನೂ ಬಿಟ್ಟಿದ್ದಳು. ಅವಳ ಗುರಾಣಿ ಲೆಕ್ಕಕ್ಕೆ ಬಂದರೆ ಉಳಿದಳು, ಬಾರದಿದ್ದರೆ ಸತ್ತಳು.

"ಬಿಲ್ಲಿಗೆ ಎರಡು ಕೈ ಬೇಕಲ್ಲ ಡಾಕ್ಟ್ರೇ, ಗುರಾಣೀನ ಹಲ್ಲಲ್ಲಿ ಕಚ್ಕೊಂಡಿದ್ಲಾ?" ಎಂದರು ಮೇಷ್ಟ್ರು.

"ಮುಂಗೈಗೆ ಕಟ್ಕೊಂಡಿದಾಳೆ ಸಾರ್. ಪುಸ್ತಕದಲ್ಲಿ ಏನಿದೆ ನೋಡಿ." ಸುಗುಣಾ ನನ್ನನ್ನು ಅವರತ್ತ ತಳ್ಳಿದರು.

ಮೇಷ್ಟ್ರು ನನ್ನನ್ನು ಹಿಂದೆ ಮುಂದೆ ತಿರುವಿದರು. "ಬರ್ದಿದ್ದೆ ಕಣ್ರೀ, ಎಲ್ಲಿ ಹೋಯ್ತು?"

ಅಂಟಿಕೊಂಡ ಆ ಎರಡು ಪುಟಗಳ ನಡುವೆ, ನನ್ನ ಹೊಟ್ಟೆಯೊಳಗೇ ಇತ್ತು. ಕೂಗಿ ಹೇಳೋಣವೆಂದರೆ ಬಾಯಿಲ್ಲ.

ಕೊನೆಗೆ ಸುಗುಣಾ ಮಾಡಿಯೇ ತೋರಿಸಲು ನನ್ನನ್ನೇ ಗುರಾಣಿಯಂತೆ ದುಪಟ್ಟಾದಿಂದ ಎಡ ಮುಂಗೈಗೆ ಬಿಗಿದುಕೊಂಡರು. ಕಡ್ಡಿಪೊರಕೆಯಿಂದ ನಾಲ್ಕು ಕಡ್ಡಿ ಎಳೆದು, ಬಗ್ಗಿಸಿ, ದಾರ ಕಟ್ಟಿ ಬಿಲ್ಲು ಮಾಡಿದರು. ಇನ್ನೊಂದು ಕಡ್ಡಿಯೇ ಬಾಣ. ಅದು ನೇರವಾಗಿ ಹೋಗಿ ಮೇಷ್ಟ್ರ ಕೈಯಲ್ಲಿದ್ದ ಕಾಫಿ ಲೋಟಕ್ಕೆ ಬಡಿಯಿತು. ಮೇಷ್ಟ್ರು ಬೆಚ್ಚಿದ ರಭಸಕ್ಕೆ ಕಾಫಿಯೆಲ್ಲ ಪಂಚೆಯ ಮೇಲೆ.

"ಆಯ್ತು ತಾಯಿ, ಬದುಕ್ಲಿ ಬಿಡಿ," ಎಂದರು ಪಂಚೆ ಹಿಂಡುತ್ತ.

ವರ್ಷಗಳು ಉರುಳಿದವು. ಮೇಷ್ಟ್ರ ಕಣ್ಣು ಮಂಜಾದ ಮೇಲೆ ನಾನು ಸುಗುಣಾ ಅವರ ಮನೆ ಸೇರಿದೆ. ಭಾನುವಾರದ ಆಟ ಇನ್ನೂ ನಡೆಯುತ್ತಿದೆ, ಕಾಳಿಂದಿ ಈಗ ರಾಣಿಯಾಗಿದ್ದಾಳೆ. ಮೊನ್ನೆ ಮಧ್ಯಾಹ್ನ ಊಟ ಮಾಡುತ್ತ ಸುಗುಣಾ ನನ್ನನ್ನು ತಿರುವುತ್ತಿದ್ದಾಗ ಆ ಎರಡು ಪುಟಗಳು ಚಟ್ಟನೆ ಬಿಟ್ಟುಕೊಂಡವು. 'ಬಾಣ ಬಿಟ್ಟ ಸರದಿಯಲ್ಲಿ ಗುರಾಣಿ ಲೆಕ್ಕಕ್ಕಿಲ್ಲ.'

ಎರಡು ಸಲ ಓದಿದರು. ಆಮೇಲೆ ತಟ್ಟೆಯಿಂದ ನಾಲ್ಕು ಅನ್ನದ ಅಗುಳು ತೆಗೆದು, ಬೆರಳಲ್ಲಿ ಅರೆದು, ಪುಟಗಳ ಅಂಚಿಗೆ ಸವರಿ ಒತ್ತಿ ಹಿಡಿದರು.

ಈ ಸಲ ಬಾಯಿ ಇದ್ದಿದ್ದರೂ ನಾನು ಹೇಳುತ್ತಿರಲಿಲ್ಲ.