ಅಮ್ಮನ ಗೇಣು

ಅಣ್ಣನ ಮೇಲೆ ನನಗೆ ಮೂರು ವರ್ಷದಿಂದ ಸಿಟ್ಟು. ಕಾರಣ ಒಂದು ಗಿಡ. ಕೇಳಿದವರು ನಗುತ್ತಾರೆ, ನಗಲಿ.

ಹಿತ್ತಲ ಬೇಲಿಯ ಪಕ್ಕದ ಆ ಡಾಗ್‌ವುಡ್ ಪೊದೆಯನ್ನು ಅಮ್ಮ ಕೆಂಪಿ ಎಂದು ಕರೆಯುತ್ತಿದ್ದಳು. ಎಲೆ ಉದುರಿದ ಮೇಲೆ ಅದರ ಕಡ್ಡಿಗಳು ಕೆಂಪಗಾಗುತ್ತವೆ. ಚಳಿಗಾಲವಿಡೀ ಹಿತ್ತಲಲ್ಲಿ ಬಣ್ಣ ಅಂತ ಇದ್ದದ್ದು ಅದೊಂದೇ. ಆದರೆ ಆ ಕೆಂಪು ಹೊಸ ಕಡ್ಡಿಗೆ ಮಾತ್ರ. ಹಳೆಯದು ಕಂದು ತಿರುಗಿ ಬರೀ ಕಟ್ಟಿಗೆಯಾಗುತ್ತದೆ. ಅದಕ್ಕೇ ಅಮ್ಮ ಚಳಿ ಮುಗಿಯುವ ಹೊತ್ತಿಗೆ, ಮೊಗ್ಗು ಒಡೆಯುವ ಮೊದಲು, ನೆಲದಿಂದ ಒಂದು ಗೇಣು ಬಿಟ್ಟು ಇಡೀ ಪೊದೆಯನ್ನು ಕತ್ತರಿಸಿಬಿಡುತ್ತಿದ್ದಳು. ನೋಡಿದವರು “ಅಯ್ಯೋ, ಕೊಂದೇಬಿಟ್ರಲ್ಲ” ಅನ್ನುತ್ತಿದ್ದರು. ಅಮ್ಮ ಬುಡಕ್ಕೆ ಗೊಬ್ಬರ ಹಾಕಿ, ಒಣ ಎಲೆ ಮುಚ್ಚಿ, ಗ್ಲೌಸ್ ಬಿಚ್ಚಿ ಒಳಗೆ ಬರುತ್ತಿದ್ದಳು. ಆ ಪುಟ್ಟ ಗ್ಲೌಸ್ ಮನೆಯಲ್ಲಿ ಇನ್ನು ಯಾರಿಗಾದರೂ ಸರಿಹೋಗುತ್ತಿದ್ದರೆ ಅದು ನನಗೆ ಮಾತ್ರ.

ಅಮ್ಮ ಹೋದಮೇಲೆ ಅಣ್ಣ ಕೆಂಪಿಗೆ ಕತ್ತರಿ ತಾಗಿಸಲು ಬಿಡಲಿಲ್ಲ. ಅವನು ಬೀಗ ರಿಪೇರಿ ಮಾಡುವವನು. ಊರಿನ ಬಾಗಿಲನ್ನೆಲ್ಲ ತೆರೆದುಕೊಡುವ ಮಹಾರಾಯ, ಅಮ್ಮನ ಕತ್ತರಿಯನ್ನು ಶೆಡ್ಡಿನೊಳಗಿಟ್ಟು ಬೀಗ ಜಡಿದ. ಅವಳಿದ್ದಾಗ ಗಿಡಕ್ಕೆ ಒಂದು ಬಕೆಟ್ ನೀರು ಹಾಕದವನಿಗೆ ಈಗ ಪ್ರೀತಿ ಉಕ್ಕಿ ಹರಿಯುತ್ತಿತ್ತು.

ಈ ವರ್ಷ ನೋಡಿದರೆ ಒಂದೇ ಒಂದು ಕೆಂಪು ಕಡ್ಡಿ ಇಲ್ಲ. ಎರಡು ರೆಂಬೆ ಒಣಗಿ ತೊಗಟೆ ಸುಲಿದಿತ್ತು. ಉಳಿದವುಗಳಲ್ಲಿ ಮೊಗ್ಗು ಉಬ್ಬತೊಡಗಿತ್ತು. ಈ ವಾರ ಬಿಟ್ಟರೆ ಮತ್ತೊಂದು ವರ್ಷ ಹೋದಂತೆ, ಅಷ್ಟು ದಿನ ಕೆಂಪಿ ತಡೆಯುವುದಿಲ್ಲ. ನನ್ನ ತಾಳ್ಮೆ ಮೊದಲೇ ಅಷ್ಟಕ್ಕಷ್ಟೆ. ಟೈಲರ್ ಅಂಗಡಿಯ ಕೆಲಸಕ್ಕೆ ರಜೆ ಹಾಕಿ, ಹೊಸ ಕತ್ತರಿಯನ್ನೇ ಕೊಂಡು ತಂದೆ.

ಮೊದಲ ರೆಂಬೆಗೆ ಕತ್ತರಿ ಇಡುವಷ್ಟರಲ್ಲಿ ಅಣ್ಣ ಅಡುಗೆಮನೆಯಿಂದ ಓಡಿಬಂದ.

“ಕೈ ತೆಗಿ! ತಲೆ ಕೆಟ್ಟಿದ್ಯಾ ನಿಂಗೆ?”

“ನಿಂಗೆ ಕೆಟ್ಟಿರೋದು! ಮುದ್ದು ಮಾಡಿ ಮಾಡಿ ಅದನ್ನ ಸಾಯಿಸ್ತಾ ಇದೀಯ.”

“ಅಮ್ಮನ ಗಿಡ ಅದು.”

“ನಂಗೂ ಅಮ್ಮನೇ ಕಣೋ! ವರ್ಷಾ ವರ್ಷಾ ಕತ್ತರಿಸ್ತಿದ್ದೋಳು ಯಾರು, ಪಕ್ಕದ್ಮನೆಯೋಳಾ?”

ಅವನು ಕತ್ತರಿಗೆ ಕೈ ಹಾಕಿದ, ನಾನೂ ಬಿಡಲಿಲ್ಲ. ಇಬ್ಬರೂ ನಲವತ್ತು ದಾಟಿದವರು ಚಿಕ್ಕ ಮಕ್ಕಳ ಹಾಗೆ ಎಳೆದಾಡಿದೆವು. ಇದ್ದಕ್ಕಿದ್ದಂತೆ ಅವನ ಹಿಡಿತ ಸಡಿಲಾಯಿತು.

“ಕೊನೇ ವರ್ಷ ನಂಗೆ ಹೇಳಿದ್ಲು ಕಣೆ,” ಎಂದ. “ಕೈಲಾಗಲ್ಲ, ನೀನೇ ಕತ್ತರಿಸಿಕೊಡು ಅಂತ. ನಾಲ್ಕು ಸಲ ಹೇಳಿದ್ಲು. ನಾಳೆ, ನಾಳೆ ಅಂದೆ. ಒಂದಿನ ಕೆಲಸದಿಂದ ಬಂದು ನೋಡಿದ್ರೆ, ಇಲ್ಲೇ ಮಂಡಿಯೂರಿ ಕೂತಿದಾಳೆ. ಅರ್ಧ ಕತ್ತರಿಸಿದಾಳೆ, ಏಳೋಕೆ ಆಗ್ತಿಲ್ಲ. ಎತ್ಕೊಂಡು ಹೋಗಿ ಮಲಗಿಸಿದೆ. ಮತ್ತೆ ಹಾಸಿಗೆ ಬಿಟ್ಟು ಏಳ್ಲೇ ಇಲ್ಲ.”

ನಾನಾಗ ಬೇರೆ ಊರಲ್ಲಿದ್ದೆ, ಇದೊಂದೂ ಗೊತ್ತಿರಲಿಲ್ಲ. ಕೇಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಇಮ್ಮಡಿಯಾಯಿತು. ಮೂರು ವರ್ಷ ನನ್ನಿಂದ ಮುಚ್ಚಿಟ್ಟಿದ್ದನಲ್ಲ!

“ತಪ್ಪು ನಿಂದು, ಶಿಕ್ಷೆ ಗಿಡಕ್ಕಾ?” ಎಂದು ಕಿರುಚಿ, ಕತ್ತರಿಯನ್ನು ಅವನ ಕೈಗೇ ತುರುಕಿದೆ. “ನಿಂಗೇ ತಾನೇ ಹೇಳಿದ್ದು? ಈಗ ಕತ್ತರಿಸು.”

ಅವನು ಕತ್ತರಿಯನ್ನು ಸರಿಯಾಗಿ ಹಿಡಿದುಕೊಂಡ. ಆಮೇಲೆ ಮಂಡಿಯೂರಿ, ನೆಲದಿಂದ ಮೇಲಕ್ಕೆ ತನ್ನ ದೊಡ್ಡ ಕೈ ಚಾಚಿ ಅಳೆದು, ಅಲ್ಲಿ ಕತ್ತರಿ ಇಟ್ಟ.

“ಅಷ್ಟು ಮೇಲಲ್ಲ! ನಿನ್ನ ಗೇಣಲ್ಲ, ಅಮ್ಮನ ಗೇಣು.”

“ಅದನ್ನೆಲ್ಲಿಂದ ತರ್ಲಿ?” ಎಂದ.

ಬೈಯುತ್ತಲೇ ಪಕ್ಕದಲ್ಲಿ ಕುಳಿತು, ಹೆಬ್ಬೆರಳನ್ನು ಮಣ್ಣಿಗೊತ್ತಿ, ರೆಂಬೆಯ ಉದ್ದಕ್ಕೆ ಕೈ ಅಗಲಿಸಿ ಹಿಡಿದೆ. ಅಣ್ಣ ನನ್ನ ಕೈಯನ್ನೇ ನೋಡಿದ.

“ಅಲ್ಲಾಡಿಸ್ಬೇಡ,” ಎಂದು, ನನ್ನ ಕಿರುಬೆರಳ ತುದಿಗೆ ಸರಿಯಾಗಿ ಕತ್ತರಿಸಿದ.